ಬಂದರು ಬಂತು ಅಂದರೆ ನಮಗೆ ಕೆಲಸ ಜಾಸ್ತಿ

ತಮ್ಮಾ, ಜಿ.ಪಿ. ರೇಟಿಂಗ್ (ಹಡಗಿನ ಕೆಳಹಂತದ ಸಿಬ್ಬಂದಿಯ ಕೋರ್ಸು) ಮುಗಿಸಿದ್ದೀಯ, ಸಿಂಗಾಪುರದಲ್ಲಿ ಟ್ರೇನಿ ವೈಪರ್ (ಎಂಜಿನ್ ರೂಮಿನಲ್ಲಿ ಕೆಲಸ ಕಲಿಯುವ ಸಹಾಯಕ) ಆಗಿ ಹಡಗು ಹತ್ತುತ್ತೀಯ ಅಂತ ಕಾರವಾರದಿಂದ ಬರೆದಿದ್ದೀಯ. ಸಂತೋಷ. "ಅಣ್ಣಾ, ಎಂಜಿನ್ ರೂಮಿನಲ್ಲಿದ್ದರೆ ದೇಶ ನೋಡೋಕೆ ಆಗುತ್ತಾ?" ಅಂತ ಕೇಳಿದ್ದೀಯ. ನಾನು ಹಡಗು ಬಿಟ್ಟು ಇಲ್ಲೇ ಸಿಂಗಾಪುರದಲ್ಲಿ ಶಿಪ್‌ಯಾರ್ಡ್ ಕೆಲಸಕ್ಕೆ ಸೇರಿ ನೆಲೆಯಾದವನು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ: ಜಾಸ್ತಿ ಆಸೆ ಇಟ್ಟುಕೊಳ್ಳಬೇಡ.

ಓಡುವ ಎಂಜಿನ್ ಬಿಚ್ಚೋಕಾಗಲ್ಲ, ಅಲ್ವಾ? ಹಡಗು ನಿಂತಾಗಲೇ ಇಂಜೆಕ್ಟರ್ ಬದಲಿಸಬೇಕು, ಸ್ಕ್ಯಾವೆಂಜ್ (ಸಿಲಿಂಡರಿಗೆ ಗಾಳಿ ಕೊಡುವ ಕೋಣೆ) ಒಳಗೆ ನುಸುಳಿ ಮಸಿ ಕೆರೆಯಬೇಕು, ಪಿಸ್ಟನ್ ರಿಂಗ್ ನೋಡಬೇಕು. ಮೇಲೆ ಬಂಕರಿಂಗ್, ಅಂದರೆ ಹಡಗಿಗೆ ಎಣ್ಣೆ ತುಂಬಿಸೋದು ಬೇರೆ. ಸಿಂಗಾಪುರಕ್ಕೆ ಎಷ್ಟೋ ಹಡಗು ಬರೋದೇ ಎಣ್ಣೆ ತುಂಬಿಸಿಕೊಳ್ಳೋಕೆ. ಆ್ಯಂಕರ್ ಹಾಕುತ್ತವೆ, ಎಣ್ಣೆ ತರುವ ದೋಣಿ, ಬಾರ್ಜ್, ಬಂದು ಎಣ್ಣೆ ಕೊಡುತ್ತದೆ, ಹೊರಟೇಬಿಡುತ್ತವೆ. ನೆಲದ ಮೇಲೆ ಕಾಲಿಡೋದು ಎಲ್ಲಿಂದ ಬಂತು!

ಇನ್ನು ವೈಪರ್ ಅಂದರೆ ಸುಮ್ನೆ ನೆಲ ಒರೆಸೋನು ಅಂದುಕೊಳ್ಳಬೇಡ. ಹಡಗಿನ ದಪ್ಪ ಎಣ್ಣೆ ತಣ್ಣಗಿದ್ದರೆ ಹರಿಯೋದೇ ಕಷ್ಟ. ಅದನ್ನು 100 ಡಿಗ್ರಿಗಿಂತ ಜಾಸ್ತಿ ಕಾಯಿಸಿ ಎಂಜಿನ್ನಿಗೆ ಬಿಡುತ್ತಾರೆ. ಎಲ್ಲೋ ಪೈಪ್ ಸೋರಿ ಬಿಸಿ ಎಕ್ಸಾಸ್ಟ್ ಮೇಲೆ ಬಿತ್ತೋ, ಬೆಂಕಿ. ಎಣ್ಣೆ ಶುದ್ಧ ಮಾಡುವ ಪ್ಯೂರಿಫೈಯರ್ ರೂಮಿನಲ್ಲಿ ಹನಿ ಕಂಡರೆ ಒರೆಸಿ ಸುಮ್ಮನಾಗಬೇಡ. ಎಲ್ಲಿಂದ ಬಂತು ಅಂತ ಹುಡುಕು, ಡ್ಯೂಟಿ ಎಂಜಿನಿಯರಿಗೆ ಹೇಳು.

ಹಳೇ ಮೋಟರ್‌ಮ್ಯಾನ್ (ಎಂಜಿನ್ ರೂಮಿನ ಅನುಭವಿ ಕೆಲಸಗಾರ) ಯಾರಾದರೂ ರೌಂಡ್ಸ್ ಹೊಡೆಯುವಾಗ ಹಿಂದೆಯೇ ಹೋಗು. ಗೇಜ್ ಓದೋಕೆ ಮುಂಚೆ ಪಂಪಿನ ಬೇರಿಂಗ್ ಹತ್ತಿರ ಅಂಗೈ ತಿರುಗಿಸಿ ಹಿಂಬದಿ ಮುಟ್ಟಿಸುತ್ತಾನೆ. ನಿನ್ನೆಗಿಂತ ಬಿಸಿ ಇದೆಯಾ, ನಡುಗುತ್ತಿದೆಯಾ ಅಂತ ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ಕಿವಿಗೆ ಮಫ್ ಇದ್ದರೂ ಸದ್ದು ಬದಲಾಗಿದ್ದು ಅವನಿಗೆ ತಿಳಿಯುತ್ತದೆ. ಇದನ್ನು ಯಾವ ಕೋರ್ಸಿನಲ್ಲೂ ಕಲಿಸಲ್ಲ. ಕೆಳಗೆ ಸೆಕೆ 40 ಡಿಗ್ರಿ ದಾಟುತ್ತದೆ, ನೀರು ಕುಡೀತಾ ಇರು. ಭಾರತದ ಆಫೀಸರುಗಳಿದ್ದರೆ ಚೀಫ್ ಎಂಜಿನಿಯರಿಗೆ ಬಡಾ ಸಾಬ್, ಥರ್ಡ್ ಎಂಜಿನಿಯರಿಗೆ ತೀನ್ ಸಾಬ್ ಅನ್ನುತ್ತಾರೆ. ಹಿಂದಿ ಸ್ವಲ್ಪ ರೂಢಿ ಮಾಡಿಕೋ.

ವಿಶ್ರಾಂತಿಗೆ ನಿಯಮ ಇದೆ: 24 ಗಂಟೆಯಲ್ಲಿ ಕನಿಷ್ಠ 10, ವಾರಕ್ಕೆ 77. ಕೆಲವು ಕಡೆ ಮಾಡಿದ್ದೊಂದು, ಬರೆಯೋದೊಂದು. ನೀನು ಸಹಿ ಹಾಕುವ ಹಾಳೆಯನ್ನು ಓದಿಯೇ ಹಾಕು. ಬಿಲ್ಜ್ ನೀರು (ಎಂಜಿನ್ ರೂಮಿನ ತಳದಲ್ಲಿ ಸೇರುವ ಎಣ್ಣೆ ಬೆರೆತ ನೀರು) ಸಮುದ್ರಕ್ಕೆ ಹೋಗಬೇಕಾದರೆ ಎಣ್ಣೆ 15 ಪಿಪಿಎಂ (ಹತ್ತು ಲಕ್ಷಕ್ಕೆ 15 ಪಾಲು) ಮೀರಬಾರದು. ನೀರಿನಿಂದ ಎಣ್ಣೆ ಬೇರ್ಪಡಿಸುವ ಸೆಪರೇಟರ್ ತಪ್ಪಿಸಿ ಕಳ್ಳ ಪೈಪ್ ಜೋಡಿಸು ಅಂದರೆ, ಹೇಳಿದ್ದು ಯಾರೇ ಆಗಲಿ, ಕೈ ಹಾಕಬೇಡ. ಅಮೆರಿಕದಲ್ಲಿ ಇದಕ್ಕೆ ಎಂಜಿನಿಯರುಗಳು ಜೈಲು ಕಂಡಿದ್ದಾರೆ.

ಏಜೆಂಟ್ ನಿನ್ನಿಂದ ದುಡ್ಡು ಕೇಳಿದನಾ? ಕೆಲಸ ಕೊಡಿಸೋಕೆ ನಾವಿಕನಿಂದ ಫೀಸು ತೆಗೆದುಕೊಳ್ಳುವ ಹಾಗಿಲ್ಲ. ಕಂಪನಿಗೆ ಆರ್‌ಪಿಎಸ್‌ಎಲ್ ಲೈಸೆನ್ಸ್ (ನಾವಿಕರನ್ನು ಕೆಲಸಕ್ಕೆ ಸೇರಿಸುವ ಪರವಾನಗಿ) ಇದೆಯಾ ಅಂತ ಭಾರತದ ಹಡಗು ಇಲಾಖೆ ಡಿ.ಜಿ. ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ಮೊದಲು ನೋಡು.

ದೇಶ ನೋಡೋ ವಿಷಯ: ಹಡಗು ತಡವಾದರೆ ಹತ್ತುವ ಮುಂಚೆ ಒಂದು ರಾತ್ರಿ ಹೋಟೆಲಿನಲ್ಲಿ ಇರಿಸಬಹುದು. ಹೊರಗೆ ಬಿಟ್ಟರೆ ಫೋನ್ ಮಾಡು. ಇಲ್ಲಿನ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಊಟ ಮಾಡೋಣ.