ಅಮ್ಮನಿಗೆ 74 ವರ್ಷ, ಅಂತ್ಯಕ್ರಿಯೆ ಖರ್ಚಿಗೆ ಅಂತ ಈಗ ಇನ್ಶೂರೆನ್ಸ್ ಮಾಡಿಸಬಹುದಾ? (ಮಂಗಳೂರು)

ಅದಕ್ಕಿಂತ ಜಾಯಿಂಟ್ ಅಕೌಂಟಲ್ಲಿ ದುಡ್ಡು ಇಡೋದೇ ವಾಸಿ. ಅಮೆರಿಕದಲ್ಲಿ ವಯಸ್ಸಾದವರಿಗೆ ಅಂತಲೇ ಬರಿಯಲ್ ಇನ್ಶೂರೆನ್ಸ್ ಮಾರ್ತಾರೆ, ನಮ್ಮಲ್ಲಿ ಅದು ಅಷ್ಟು ಚಾಲ್ತಿಯಲ್ಲಿಲ್ಲ. ಬ್ಯಾಂಕಲ್ಲಿ ವರ್ಷಕ್ಕೆ 436 ರೂಪಾಯಿ ಕಟ್ಟಾಗೋ ಪ್ರಧಾನಮಂತ್ರಿ ಜೀವನ್ ಜ್ಯೋತಿ ಉಂಟಲ್ವಾ, ಅದಕ್ಕೆ 50ರೊಳಗೆ ಸೇರಬೇಕು, 55ಕ್ಕೆ ಕವರ್ ಮುಗೀತದೆ, 20 ರೂಪಾಯಿದು ಸುರಕ್ಷಾ ಬಿಮಾ 70ರವರೆಗೆ ಮಾತ್ರ, ಅದೂ ಆಕ್ಸಿಡೆಂಟಿಗೆ.

ಆದ್ರೆ ಅಸಲು ವಿಷಯ ಬೇರೆ. ಯಾವ ಪಾಲಿಸಿ ಆದ್ರೂ ಕ್ಲೈಮಿಗೆ ಡೆತ್ ಸರ್ಟಿಫಿಕೇಟ್ ಕೇಳ್ತಾರೆ, ದುಡ್ಡು ಬರೋದು ಆಮೇಲೆ. ಆಂಬ್ಯುಲೆನ್ಸಿನವರಿಗೆ, ಬೋಳೂರು ಸ್ಮಶಾನದಲ್ಲಿ ಕಟ್ಟಿಗೆಗೆ, ಭಟ್ರಿಗೆ ಎಲ್ಲಾ ಅದೇ ದಿನ ಕೈಯಿಂದ ಹೋಗ್ತದೆ, ಆಮೇಲೆ ಬೊಜ್ಜದ (ಉತ್ತರಕ್ರಿಯೆಯ) ಊಟ ಬೇರೆ, ನಮ್ಮ ಕಡೆ ಹೆಚ್ಚಾಗಿ ದೊಡ್ಡ ಬಿಲ್ ಅದೇ ಮಾರಾಯ್ರೆ, ಸ್ಮಶಾನದ್ದಲ್ಲ.

ಹಾಗಾಗಿ ಅಮ್ಮನ ಅಕೌಂಟಿಗೆ ನಿಮ್ಮ ಹೆಸರು ಸೇರಿಸಿ, ಫಾರ್ಮಲ್ಲಿ 'ಐದರ್ ಆರ್ ಸರ್ವೈವರ್' ಟಿಕ್ ಮಾಡಿ, ಅಂದ್ರೆ ಒಬ್ಬರು ಹೋದ್ರೂ ಇನ್ನೊಬ್ಬರು ತೆಗೀಬಹುದು ಅಂತ. ಬರೀ ನಾಮಿನಿ ಆದ್ರೆ ಕ್ಲೈಮ್ ಫಾರ್ಮ್, ಸರ್ಟಿಫಿಕೇಟ್ ಎಲ್ಲಾ ಕೊಟ್ಟು ಕಾಯಬೇಕು. ಎಷ್ಟೋ ಜನ ತೀರಿಹೋದವರ ಎಟಿಎಂ ಕಾರ್ಡಲ್ಲೇ ತೆಗೀತಾರೆ, ಅದಕ್ಕೆ ಅನುಮತಿ ಇಲ್ಲ, ಮೇಲಿಂದ ಅಣ್ಣತಮ್ಮಂದಿರ ಜಗಳಕ್ಕೂ ದಾರಿ. ಎಫ್‌ಡಿ ಇಡೋದಾದ್ರೆ ಅವಧಿಗೆ ಮುಂಚೆ ಉಳಿದವರೊಬ್ಬರೇ ಮುರಿಸಬಹುದು ಅಂತ ಇಬ್ಬರೂ ಈಗಲೇ ಸೈನ್ ಹಾಕಿ ಕೊಟ್ಟಿರಿ, ಇಲ್ಲದಿದ್ರೆ ಮೆಚ್ಯೂರಿಟಿಗೆ ಮೊದಲು ಬೇಕಾದ್ರೆ ತೀರಿಕೊಂಡವರ ವಾರಸುದಾರರ ಒಪ್ಪಿಗೆ ಕೇಳ್ತಾರೆ.