ಎಂ.ಎಸ್ಸಿ ನರ್ಸಿಂಗೋ, ಜರ್ಮನಿಯೋ?

ಪ್ರಶ್ನೆ: ನನಗೆ 22 ವರ್ಷ. ಹಾಸನ ಜಿಲ್ಲೆಯ ಹಳ್ಳಿಯವಳು. ಈ ವರ್ಷ ಬಿ.ಎಸ್ಸಿ ನರ್ಸಿಂಗ್ ಮುಗಿಸಿದೆ. ನಾನು ಎಂ.ಎಸ್ಸಿ ಮಾಡಿ ಕಾಲೇಜಿನಲ್ಲಿ ಪಾಠ ಹೇಳಬೇಕು, ನೈಟ್ ಡ್ಯೂಟಿ ತಪ್ಪಬೇಕು ಅಂತ ಅಮ್ಮನ ಆಸೆ. ನನಗೆ ಜರ್ಮನಿಗೆ ಹೋಗುವ ಮನಸ್ಸು. ಐಸಿಯು ಪೋಸ್ಟಿಂಗ್ ತುಂಬಾ ಇಷ್ಟವಾಗಿತ್ತು. ವೆಂಟಿಲೇಟರ್‌ನಲ್ಲಿದ್ದ ಅಜ್ಜಿಯೊಬ್ಬರಿಗೆ ಟ್ಯೂಬ್ ತೆಗೆದ ಮೇಲೆ ಮೊದಲ ಚಮಚ ನೀರು ಕುಡಿಸಿದ್ದು ನಾನೇ. ನನ್ನ ಓದಿಗೆ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದ್ದಾರೆ. ತಮ್ಮ ಪಿಯುಸಿಯಲ್ಲಿದ್ದಾನೆ. ಏಜೆಂಟ್ ಒಬ್ಬರು ಮೂರೂವರೆ ಲಕ್ಷ ಕೇಳುತ್ತಿದ್ದಾರೆ. ಅರ್ಧ ದುಡ್ಡು ಈ ತಿಂಗಳೇ ಕಟ್ಟಬೇಕಂತೆ. ಏನು ಮಾಡಲಿ?

ಉತ್ತರ: ಐಸಿಯು ಬಗ್ಗೆ ನೀವು ಬರೆದಿದ್ದರಲ್ಲಿ ಜೀವ ಇದೆ. ಪಾಠ ಹೇಳುವ ಬಗ್ಗೆ ಇರುವುದು ಒಂದೇ ಮಾತು, ಅದೂ ಅಮ್ಮನದು. ನಿಮ್ಮ ಒಲವು ಯಾವ ಕಡೆ ಇದೆ ಅಂತ ನಿಮಗೇ ಗೊತ್ತಿದೆ, ಅಲ್ವಾ?

ಆದರೂ ಈ ತಿಂಗಳು ನೀವು ಏನನ್ನೂ ತೀರ್ಮಾನ ಮಾಡಬೇಕಾಗಿಲ್ಲ. ಎಂ.ಎಸ್ಸಿಗೆ ಸೇರಲು ಬಿ.ಎಸ್ಸಿ ಆದ ಮೇಲೆ ಕನಿಷ್ಠ ಒಂದು ವರ್ಷ ಕೆಲಸ ಮಾಡಿರಬೇಕು. ಇದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ನಿಯಮ. ಜರ್ಮನಿಯ ದಾರಿಯೂ ಅಷ್ಟೇ ಉದ್ದ. ಅಲ್ಲಿ ಪೂರ್ಣ ನರ್ಸ್ ಆಗಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬರಬೇಕು. ಎ1, ಎ2, ಬಿ1 ದಾಟಿ ಅಲ್ಲಿಗೆ ಮುಟ್ಟಲು, ಮನಸ್ಸಿಟ್ಟು ಕಲಿತರೂ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಹಾಗಾಗಿ ಮೊದಲು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್ ಮಾಡಿಸಿ. ಒಳ್ಳೆಯ ಐಸಿಯು ಇರುವ ಆಸ್ಪತ್ರೆಗೆ ಸ್ಟಾಫ್ ನರ್ಸ್ ಆಗಿ ಸೇರಿಕೊಳ್ಳಿ. ಡ್ಯೂಟಿ ಮುಗಿದ ಮೇಲೆ ಜರ್ಮನ್ ಕಲಿಯಿರಿ. ಬೆಂಗಳೂರಿನಲ್ಲಿ ಕೆಲಸ ಸಿಕ್ಕರೆ ಇಂದಿರಾನಗರದಲ್ಲೇ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಈ ಒಂದು ವರ್ಷ ಎರಡೂ ದಾರಿಗೆ ಲೆಕ್ಕಕ್ಕೆ ಬರುತ್ತದೆ.

ಜರ್ಮನಿಯ ವಾರ್ಡ್ ಹೇಗಿರುತ್ತದೆ ಅಂತ ಏಜೆಂಟ್ ಹೇಳಿರಲಾರರು. ನಮ್ಮಲ್ಲಿ ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಇಡುವುದು ಎಲ್ಲ ಜಾಸ್ತಿ ಆಯಾಗಳ, ಇಲ್ಲವೇ ಪೇಷೆಂಟ್ ಕಡೆಯವರ ಪಾಲಿಗೆ. ಅಲ್ಲಿ ರೋಗಿಯ ಪಕ್ಕದಲ್ಲಿ ಮನೆಯವರು ಇರುವುದಿಲ್ಲ. ಆ ಕೆಲಸಗಳೂ ನರ್ಸ್‌ನದೇ. ರಕ್ತನಾಳಕ್ಕೆ ಕ್ಯಾನುಲಾ (ಡ್ರಿಪ್ ಕೊಡುವ ಸಣ್ಣ ನಳಿಕೆ) ಹಾಕುವಂಥದ್ದು ಮಾತ್ರ ಹೆಚ್ಚಾಗಿ ಡಾಕ್ಟರ್ ಕೈಯಲ್ಲಿ. ನಮ್ಮ ಪದವಿಯನ್ನು ಅವರ ಮೂರು ವರ್ಷದ ನರ್ಸಿಂಗ್ ತರಬೇತಿಯ ಜೊತೆ ಹೋಲಿಸಿ, ಏನು ಕಡಿಮೆಯಿದೆ ಅಂತ ಪಟ್ಟಿ ಕೊಡುತ್ತಾರೆ. ಅದಕ್ಕೆ ಅಲ್ಲಿ ಕೋರ್ಸ್ ಮುಗಿಸಬೇಕು, ಇಲ್ಲವೇ ಪರೀಕ್ಷೆ ಪಾಸಾಗಬೇಕು. ಅಲ್ಲಿಯತನಕ ಸಹಾಯಕಿಯ ಕೆಲಸ, ಸಂಬಳವೂ ಕಡಿಮೆ. ನಾಲ್ಕು ವರ್ಷ ಓದಿ ಬಂದವರಿಗೆ ಇದು ಚುಚ್ಚುತ್ತದೆ. ಆದರೆ ಆ ಅಜ್ಜಿಗೆ ನೀರು ಕುಡಿಸಿದ್ದನ್ನು ಇಷ್ಟು ಪ್ರೀತಿಯಿಂದ ನೆನೆಯುವ ನಿಮಗೆ ಈ ಕೆಲಸ ಕೀಳು ಅನ್ನಿಸಲಾರದು. ಎಂ.ಎಸ್ಸಿ ಮಾಡಿಕೊಂಡು ಹೋದರೂ ಅಲ್ಲಿ ಶುರುವಾಗುವುದು ವಾರ್ಡ್‌ನಿಂದಲೇ.

ಇಲ್ಲೇ ಉಳಿದು ಓದುವುದಾದರೆ ನಿಮ್ಮ ಅಮ್ಮನಿಗೆ ಗೊತ್ತಿಲ್ಲದ ಇನ್ನೊಂದು ದಾರಿಯೂ ಇದೆ. ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಅಂತ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್, ನರ್ಸಿಂಗ್ ಕೌನ್ಸಿಲ್ಲೇ ರೂಪಿಸಿದ್ದು. ಹೆಚ್ಚಿನ ಕಲಿಕೆ ಐಸಿಯುನಲ್ಲೇ. ಇದಕ್ಕೂ ಒಂದು ವರ್ಷದ ಅನುಭವ ಬೇಕು. ಈ ವರ್ಷ ನಿಮ್ಮ ವಾರ್ಡ್‌ಗೆ ಪೋಸ್ಟಿಂಗ್ ಬರುವ ಹುಡುಗಿಯರಿಗೆ ನೀವೇ ಕೆಲಸ ಹೇಳಿಕೊಡಿ. ಅದರಲ್ಲಿ ಖುಷಿ ಸಿಕ್ಕರೆ ಪಾಠ ಹೇಳುವ ಕೆಲಸದ ಬಗ್ಗೆ ಯೋಚಿಸಿ. ಸಿಗದಿದ್ದರೆ ಅಮ್ಮನಿಗೋಸ್ಕರ ಎರಡು ವರ್ಷ ಓದಿ, ಆಮೇಲೆ ಅವರ ಮೇಲೇ ಸಿಟ್ಟು ಮಾಡಿಕೊಳ್ಳಬೇಡಿ. ಜರ್ಮನಿಯಲ್ಲೂ ನೈಟ್ ಡ್ಯೂಟಿ ತಪ್ಪುವುದಿಲ್ಲ ಅಂತ ಅವರಿಗೆ ಈಗಲೇ ನಿಜ ಹೇಳಿಬಿಡಿ. ಅವರ ಹೆದರಿಕೆ ಡ್ಯೂಟಿಯದೋ, ಮಗಳು ದೂರ ಹೋಗುವುದೋ, ಮದುವೆಯ ಮಾತೋ? ಕೂತು ಕೇಳಿ. ಒಂದೇ ಸಂಜೆಗೆ ಮುಗಿಯುವ ಮಾತಲ್ಲ ಇದು.

ಇನ್ನು ಆ ಮೂರೂವರೆ ಲಕ್ಷ. ಕಟ್ಟಬೇಡಿ. ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಅವರ ಹೆಸರಿದೆಯಾ ನೋಡಿ. ಭಾಷೆ ಕಲಿಸಲು, ದಾಖಲೆ ಅನುವಾದಕ್ಕೆ ಅಂತ ಬೇರೆ ಲೆಕ್ಕ ಹೇಳಿದರೆ ಒಂದೊಂದಕ್ಕೂ ರಸೀದಿ ಕೇಳಿ. ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್ 2021ರಲ್ಲಿ ಜರ್ಮನ್ ಸರ್ಕಾರದ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ಟ್ರಿಪಲ್ ವಿನ್ ಯೋಜನೆಯಲ್ಲಿ ನರ್ಸ್‌ಗಳನ್ನು ಕಳಿಸುತ್ತಿದೆ. ಅಲ್ಲಿ ನರ್ಸ್‌ಗಳಿಂದ ನೇಮಕಾತಿ ಶುಲ್ಕ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲೂ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್ ಏಜೆಂಟ್ ಕೈಗೆ ಕೊಟ್ಟು ಬರಬೇಡಿ.

ಅಪ್ಪ ಈ ದುಡ್ಡಿಗೆ ಜಮೀನಿನ ಪತ್ರ ಹಿಡಿದು ಓಡಾಡುತ್ತಿದ್ದರೆ ಇವತ್ತೇ ತಡೆಯಿರಿ. ನಿಮ್ಮ ಸಂಬಳ ಶುರುವಾದ ಮೇಲೆ ಸೊಸೈಟಿ ಸಾಲದ ಕಂತಿಗೆ ತಿಂಗಳಿಗೆ ಎಷ್ಟು ಕೊಡಬಹುದು, ಜರ್ಮನ್ ಕ್ಲಾಸಿಗೆ ಎಷ್ಟು ಎತ್ತಿಡಬೇಕು ಅಂತ ಅವರ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ತಮ್ಮನನ್ನೂ ಕೂರಿಸಿಕೊಳ್ಳಿ.