ಸೈಲೆನ್ಸರ್ ಬಿಸಿಯಿಂದ ಬ್ಯಾಟರಿ ಚಾರ್ಜ್ ಮಾಡಬಹುದೇ?

ಕಾರಿನ ಸೈಲೆನ್ಸರ್ ಕೊಳವೆಗೆ ಪೆಲ್ಟಿಯರ್ ಬಿಲ್ಲೆ (ಒಂದು ಮಗ್ಗುಲು ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ವಿದ್ಯುತ್ ಕೊಡುವ ಬಿಲ್ಲೆ) ಅಂಟಿಸಿ ಬ್ಯಾಟರಿ ಚಾರ್ಜ್ ಮಾಡಿಕೊಂಡು, ಈಗ ಆ ಕೆಲಸ ಮಾಡುವ, ಎಂಜಿನ್ ತಿರುಗಿಸುವ ಆಲ್ಟರ್ನೇಟರನ್ನೇ ತೆಗೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಆಲ್ಟರ್ನೇಟರ್ ಮುಟ್ಟಬೇಡಿ. ಪ್ರಯೋಗವನ್ನು ಮಾತ್ರ ಬಿಡಬೇಡಿ. ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಹೊಗೆಯೊಂದಿಗೇ ಹೊರಟುಹೋಗುವುದನ್ನು ಕಂಡರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

ಅಗ್ಗಕ್ಕೆ ಸಿಗುವ ಬಿಲ್ಲೆಗಳು ವಿದ್ಯುತ್ ಹರಿಸಿ ತಂಪು ಮಾಡಲೆಂದು ತಯಾರಾದವು. ಅನೇಕ ಬಿಲ್ಲೆಗಳ ಒಳಗಿನ ಬೆಸುಗೆ 138 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಎಂಜಿನ್ ಪಕ್ಕದ ಕೊಳವೆ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ವಿದ್ಯುತ್ ಉತ್ಪಾದನೆಗೆಂದೇ ಮಾಡಿದ ಬಿಲ್ಲೆಯನ್ನು ಕೇಳಿ ತನ್ನಿ. ಅದೂ ತನ್ನೊಳಗೆ ಹರಿದ ಶಾಖದಲ್ಲಿ ಶೇ 5ರಷ್ಟನ್ನು ವಿದ್ಯುತ್ತಾಗಿಸಿದರೆ ಹೆಚ್ಚು.

ನಿಜವಾದ ಕಷ್ಟವಿರುವುದು ಬಿಲ್ಲೆಯ ತಣ್ಣನೆಯ ಮಗ್ಗುಲಲ್ಲಿ. ನಾನು ಅಲ್ಲಿ ಬಿಸಿಯನ್ನು ಗಾಳಿಗೆ ಬಿಡುವ, ಅಲ್ಯೂಮಿನಿಯಂ ರೆಕ್ಕೆಗಳ ಹೀಟ್ ಸಿಂಕ್ ಕೂರಿಸಿದ್ದೆ. ಮೊದಲು ಎಲ್‌ಇಡಿ ಚೆನ್ನಾಗಿ ಬೆಳಗಿತು. ರೆಕ್ಕೆಗಳು ಕೈಸುಡುವಷ್ಟು ಕಾಯುತ್ತಿದ್ದಂತೆ ಮಂಕಾಗಿ ಆರಿಯೇಹೋಯಿತು. ನೀರು ಹರಿಯುವ ಬ್ಲಾಕ್ ಹಾಕಿದ ಮೇಲಷ್ಟೇ ಬೆಳಕು ಆರದೆ ಉಳಿಯಿತು. ಏನೇ ಮಾಡಿದರೂ ಕೊಳವೆಯ ಹೊರಮೈಯಲ್ಲೇ ಮಾಡಿ. ಹೊಗೆಯ ದಾರಿಗೆ ಅಡ್ಡವಿಟ್ಟರೆ ಎಂಜಿನ್ ಏದುಸಿರು ಬಿಡುತ್ತದೆ, ಗಳಿಸಿದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುಡುತ್ತದೆ.

ಶಾಖವನ್ನು ಶಾಖವಾಗಿಯೇ ಬಳಸುವುದು ಇನ್ನೂ ಸುಲಭ. 2010ರ ಟೊಯೋಟಾ ಪ್ರಿಯಸ್ ಚಳಿಯಲ್ಲಿ ಎಂಜಿನ್ನಿನ ಕೂಲಂಟನ್ನು (ಎಂಜಿನ್ ಸುತ್ತ ಹರಿದು ಅದನ್ನು ತಂಪಾಗಿಡುವ ದ್ರವವನ್ನು) ಬೇಗ ಬೆಚ್ಚಗಾಗಿಸಲು ಇದೇ ಹೊಗೆಯ ಬಿಸಿಯನ್ನು ಬಳಸಿಕೊಂಡಿತು.